ಬಂದ ದೂರುಗಳು: ಸೊನ್ನೆ

ಜೂನ್ 3, ಸೋಮವಾರ

ಹೊಸ ಜಾಗದಲ್ಲಿ ಮೊದಲ ದಿನ. ಇಪ್ಪತ್ತೊಂಬತ್ತು ವರ್ಷ ಭೂಮಾಪನ ಇಲಾಖೆಯ ದಾಖಲೆ ಕೋಣೆಯಲ್ಲಿ ಧೂಳು ಕುಡಿದವಳನ್ನು, ನಿವೃತ್ತಿಗೆ ಹದಿನೈದು ತಿಂಗಳಿರುವಾಗ, ಮಾನವ ಹಕ್ಕು ಆಯೋಗದ ದೂರು ಅಧಿಕಾರಿ ಮಾಡಿದ್ದಾರೆ. ಹೆಸರೇನೋ ದೊಡ್ಡದು. ಆಯೋಗ ಇರುವುದು ಒಳಾಡಳಿತ ಇಲಾಖೆಯ ಕಟ್ಟಡದ ಮೂರನೇ ಮಹಡಿಯಲ್ಲಿ, ಮೂರೇ ಕೋಣೆ. ಒಂದು ಅಧ್ಯಕ್ಷರದು. ನಿವೃತ್ತ ನ್ಯಾಯಾಧೀಶರು, ಮಂಗಳವಾರ ಮಾತ್ರ ಬರುತ್ತಾರೆ. ಇನ್ನೊಂದು ಕಾರ್ಯದರ್ಶಿಯವರದು, ಪೊಲೀಸ್ ಕೇಂದ್ರ ಕಚೇರಿಯಿಂದ ಎರಡು ವರ್ಷಕ್ಕೆಂದು ಎರವಲು ಬಂದವರು. ಕೊನೆಯದು ನನ್ನ ದೂರು ಕೊಠಡಿ. ಒಂದು ಮೇಜು, ನನಗೊಂದು ಕುರ್ಚಿ, ದೂರು ಕೊಡುವವರಿಗೆ ಎರಡು. ಆ ಎರಡಕ್ಕೂ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ತೆಗೆದಿಲ್ಲ.

ದೂರು ವಹಿಯ ಮೊದಲ ಪುಟವೇ ಖಾಲಿ. ಅಟೆಂಡರನ್ನು ಕೇಳಿದೆ, "ಇದು ಹೊಸ ವಹಿಯಾ?"

"ಮೂರು ವರ್ಷದ್ದು ಮೇಡಂ. ಆಯೋಗ ಶುರುವಾದಾಗಿಂದ ಇದೇ. ಬಳಸಿಲ್ಲ ಅಷ್ಟೆ. ಮದುವೆಗೆ ಹೊಲಿಸಿ ಮದುವೆನೇ ಆಗದೆ ಉಳಿದ ಕೋಟು ಇರತ್ತಲ್ಲ, ಹಂಗೆ."

"ಯಾರೂ ಬರೋದೇ ಇಲ್ವಾ?"

"ಬರ್ತಾರೆ. ಬಂದೂಕು ಲೈಸೆನ್ಸ್ ಕೊಡೋದು ಎಲ್ಲಿ ಅಂತ ಕೇಳ್ಕೊಂಡು. ಅದು ಎರಡನೇ ಮಹಡಿ."

ಸಂಜೆ ಮನೆಯ ಬಾಗಿಲು ತೆಗೆದಾಗ ಒಳಗೆ ಬೆಳಿಗ್ಗೆ ಬಿಟ್ಟುಹೋದ ಗಾಳಿಯೇ ಇತ್ತು. ಇಪ್ಪತ್ತೆರಡು ವರ್ಷ ಈ ಮನೆಯಲ್ಲಿ ಜೊತೆಗಿದ್ದ ನರ್ಸ್ ಗೆಳತಿ ನಿವೃತ್ತಳಾಗಿ ಅಣ್ಣನ ಊರಿಗೆ ಹೋಗಿ ಇವತ್ತಿಗೆ ಐದು ವಾರ. ಅವಳು ಅರ್ಧ ಬರೆದು ಬಿಟ್ಟುಹೋದ ಡ್ಯೂಟಿ ಪುಸ್ತಕದಲ್ಲೇ ಇದನ್ನು ಬರೆಯುತ್ತಿದ್ದೇನೆ. ಹಿಂದಿನ ಪುಟಗಳಲ್ಲಿ ಯಾರದೋ ಜ್ವರ, ಯಾರದೋ ನಾಡಿ. ದಿನಕ್ಕೊಮ್ಮೆ ಪೂರ್ತಿ ವಾಕ್ಯದಲ್ಲಿ ಮಾತಾಡಿದಂತಾದರೂ ಆಗಲಿ ಎಂದಷ್ಟೆ.

ಜೂನ್ 12, ಬುಧವಾರ

ಕೊನೆಗೂ ಒಂದು ಕೆಲಸ ಸಿಕ್ಕಿತು. ನಮ್ಮ ದೇಶ ಸಹಿ ಹಾಕಿರುವ ಅಂತರರಾಷ್ಟ್ರೀಯ ಒಪ್ಪಂದ ಒಂದಿದೆಯಂತೆ. ಹಿಡಿದವರನ್ನು ಎರಡು ದಿನದೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು, ಹೊಡೆಯಬಾರದು ಬಡಿಯಬಾರದು. ಅದನ್ನು ಪಾಲಿಸುತ್ತಿದ್ದೇವೆಂದು ಎರಡು ವರ್ಷಕ್ಕೊಮ್ಮೆ, ಹೊರದೇಶದಲ್ಲಿ ಕೂರುವ ಹತ್ತು ಜನ ತಜ್ಞರ ಸಮಿತಿಗೆ ವರದಿ ಕಳಿಸಬೇಕು. ವರದಿ ಬರೆಯುವುದು ಒಳಾಡಳಿತ ಇಲಾಖೆ. ದೂರಿನ ಅಂಕಿ ಕೊಡುವುದು ನಾವು.

ಕಾರ್ಯದರ್ಶಿಯವರು ಹಳೆಯ ವರದಿ ಕೊಟ್ಟು, "ಇದನ್ನೇ ಚೊಕ್ಕವಾಗಿ ಇನ್ನೊಂದು ಸಲ ಬರೀರಿ. ಸೊನ್ನೆ ಕೂಡೋದಕ್ಕೆ ಯಾವ ಕಷ್ಟವೂ ಇಲ್ಲ ನೋಡಿ" ಎಂದು ನಕ್ಕು, ಒಂದು ಕಿತ್ತಳೆ ಹಣ್ಣು ಕೊಟ್ಟರು. ಒಳ್ಳೆಯ ಮನುಷ್ಯ. ಮಂಡಿ ನೋವಂತೆ, ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲುತ್ತಾರೆ.

ಅಕ್ಟೋಬರಿನಲ್ಲಿ ಕಳಿಸಬೇಕಾದ ವರದಿಗೆ ಕರಡು ಬರೆದೆ: "ಆಯೋಗಕ್ಕೆ ಬಂದ ದೂರುಗಳು: ಸೊನ್ನೆ. ಇದು ಕಾನೂನು ಪಾಲನಾ ವ್ಯವಸ್ಥೆಯ ಮೇಲೆ ಸಾರ್ವಜನಿಕರು ಇಟ್ಟಿರುವ ವಿಶ್ವಾಸದ ದ್ಯೋತಕ." ದ್ಯೋತಕ ಎಂಬ ಪದ ಬರೆದು ಎಷ್ಟು ವರ್ಷವಾಗಿತ್ತೋ. ನನ್ನ ಅಕ್ಷರದಲ್ಲಿ ಚೆನ್ನಾಗಿ ಕಾಣಿಸಿತು. ಎರಡು ಸಲ ಓದಿಕೊಂಡೆ.

ಜೂನ್ 23, ಭಾನುವಾರ

ತಮ್ಮನ ಮನೆಯಲ್ಲಿ ಊಟ. ವಾರದಲ್ಲಿ ನಾನು ಬಾಯಿ ತುಂಬ ಮಾತಾಡುವುದು ಇದೊಂದೇ ದಿನ. ಅವನು ಹಳೇ ಮಾರುಕಟ್ಟೆ ಠಾಣೆಯ ಇನ್‌ಸ್ಪೆಕ್ಟರ್. ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಅಕ್ಷರ ತಿದ್ದಿಸಿದ್ದು ನಾನೇ. ಎಲ್ಲ ಅಕ್ಷರ ಬಂದರೂ 'ಠ' ಮಾತ್ರ ಸರಿಯಾಗಿ ಬರಲಿಲ್ಲ. ಮೊದಲು ಚುಕ್ಕಿ ಇಟ್ಟು ಆಮೇಲೆ ಸುತ್ತು ಹಾಕುತ್ತಿದ್ದ. ಸುತ್ತು ಕೆಳಗಡೆ ಕೂಡಿಕೊಳ್ಳುತ್ತಲೇ ಇರಲಿಲ್ಲ. ಈಗ ಠಾಣೆಗೇ ಯಜಮಾನ.

"ಅಕ್ಕ ಈಗ ದೊಡ್ಡ ಅಧಿಕಾರಿ," ಎಂದು ಹೆಂಡತಿಗೆ ಹೇಳಿದ. "ನೊಣ ಹೊಡೆಯೋ ಇಲಾಖೆ. ಅಲ್ಲಿ ನೊಣನೂ ಬರಲ್ಲ."

ಎಲ್ಲರೂ ನಕ್ಕೆವು. ಬರುವಾಗ ಬಸ್ ನಿಲ್ದಾಣದವರೆಗೂ ಬಂದ. ಸಣ್ಣಗಾಗಿದ್ದಾನೆ. ಕೇಳಿದರೆ, "ಮೇಲಿನವರ ಕಾಟ ಅಕ್ಕ. ಕಳ್ಳತನ ಆದ್ರೆ ಕಳ್ಳ ಬೇಕು. ಎಲ್ಲಿಂದ ತರ್ತೀಯ ಅಂತ ಅವರು ಕೇಳಲ್ಲ" ಎಂದ.

ಜುಲೈ 2, ಮಂಗಳವಾರ

ಕಿಟಕಿಯಿಂದ ಕೆಳಗೆ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ರಸ್ತೆಯಾಚೆ ಬಸ್ ತಂಗುದಾಣದಲ್ಲಿ ಒಬ್ಬ ಹೆಂಗಸು. ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಇದೆ, ತೆಗೆದಿಡಲು ಮರೆತಂತೆ. ನಮ್ಮ ಬೋರ್ಡನ್ನು ನೋಡುತ್ತಾಳೆ, ಗೇಟನ್ನು ನೋಡುತ್ತಾಳೆ. ಬಸ್ಸುಗಳು ಬರುತ್ತವೆ, ಅವಳು ಹತ್ತುವುದಿಲ್ಲ. ಹನ್ನೊಂದರಿಂದ ಒಂದು ಗಂಟೆಯವರೆಗೆ ಇದ್ದು ಹೊರಟುಹೋದಳು. ನಿನ್ನೆಯೂ ಬಂದಿದ್ದಳು ಎಂದು ಆಮೇಲೆ ನೆನಪಾಯಿತು.

ಜುಲೈ 5, ಶುಕ್ರವಾರ

ಇವತ್ತೂ ಬಂದಿದ್ದಳು. ಬೆಳಿಗ್ಗೆ ಮನೆ ಬಿಡುವಾಗಲೇ, ಅವಳು ಇರುತ್ತಾಳೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಒಬ್ಬರು ನನ್ನ ಕೋಣೆಯ ಕಡೆ ನೋಡುತ್ತಾರೆ ಎಂಬುದಕ್ಕೆ ಇಷ್ಟು ಕಾತರವೇ? ನಾಚಿಕೆಯಾಯಿತು.

ಕೋಣೆಯ ಎರಡು ಕುರ್ಚಿಗಳ ಪ್ಲಾಸ್ಟಿಕ್ ಕಿತ್ತು ಹಾಕಿದೆ.

ಜುಲೈ 8, ಸೋಮವಾರ

ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಕೆಳಗಿಳಿದೆ. ರಸ್ತೆ ದಾಟಿ ಅವಳ ಪಕ್ಕ ಕೂತೆ. ಸ್ವಲ್ಪ ಹೊತ್ತು ಇಬ್ಬರೂ ಬಸ್ಸಿಗೆ ಕಾಯುವವರಂತೆ ನಟಿಸಿದೆವು.

"ನೀವು ಮೇಲೆ ಬರಬೇಕು ಅಂತಿದ್ದೀರಾ?" ಎಂದೆ. "ನಾನು ಅಲ್ಲೇ ಇರೋದು. ದೂರು ಬರ್ಕೊಳ್ಳೋಳು."

ಅವಳು ನನ್ನ ಮುಖವನ್ನೇ ತುಂಬ ಹೊತ್ತು ನೋಡಿದಳು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ದರ್ಜಿ. ಗಂಡ ಬೀಗ ರಿಪೇರಿಯವನು. ಮೇ ತಿಂಗಳಲ್ಲಿ ಯಾವುದೋ ಅಂಗಡಿಯ ಬೀಗ ಮುರಿಯದೆ ತೆಗೆದು ಕಳ್ಳತನ ಮಾಡಿದ್ದರಂತೆ. ಬೀಗ ಬಲ್ಲವನು ಯಾರು ಎಂದು ಹುಡುಕಿ ಇವನನ್ನು ಎಳೆದೊಯ್ದರು. ಒಂಬತ್ತು ದಿನ ಇಟ್ಟುಕೊಂಡರು. ನ್ಯಾಯಾಧೀಶರ ಮುಖ ತೋರಿಸಲಿಲ್ಲ. ಹತ್ತನೇ ದಿನ ಮನೆಗೆ ಕಳಿಸಿದರು. ಈಗ ಬಲಗೈ ಮುಷ್ಟಿ ಕಟ್ಟಲು ಬರುವುದಿಲ್ಲ.

"ಮತ್ತೆ ಯಾಕೆ ಒಳಗೆ ಬರಲಿಲ್ಲ?"

"ಗೇಟಲ್ಲಿ ಹೆಸರು, ವಿಳಾಸ, ಯಾರನ್ನ ನೋಡ್ಬೇಕು, ಯಾಕೆ ನೋಡ್ಬೇಕು, ಎಲ್ಲ ಬರೆಸ್ತಾರೆ. ಬರೆಸ್ಕೊಳ್ಳೋನು ಯಾರು ಅಂತೀರಾ? ಅವತ್ತು ಜೀಪಲ್ಲಿ ನಮ್ಮನೆಯವರ ಕುತ್ತಿಗೆ ಹಿಡ್ಕೊಂಡು ಕೂತಿದ್ದೋನು. ಠಾಣೆಯವರನ್ನೇ ಇಲ್ಲಿಗೆ ಪಾಳಿ ಹಾಕ್ತಾರಂತೆ. ಕುರಿ ತಪ್ಪಿಸ್ಕೊಂಡಿದೆ ಅಂತ ತೋಳದ ಮನೆ ಬಾಗಿಲು ತಟ್ಟೋದಾ ಮೇಡಂ?"

"ಯಾವ ಠಾಣೆ?"

"ಹಳೇ ಮಾರುಕಟ್ಟೆ."

ಡಬ್ಬಿ ಬಿಚ್ಚಲೇ ಇಲ್ಲ, ಹಾಗೇ ವಾಪಸ್ ತಂದೆ.

ಜುಲೈ 9, ಮಂಗಳವಾರ

ಕಾರ್ಯದರ್ಶಿಯವರಿಗೆ ಹೇಳಿದೆ. ಠಾಣೆಯ ಹೆಸರು ಹೇಳಲಿಲ್ಲ.

"ಬರಲಿ, ಬೇಡ ಅಂದೋರ್ಯಾರು? ಒಂಬತ್ತನೇ ನಿಯಮ ಇದೆಯಲ್ಲ. ಖುದ್ದಾಗಿ ಬರಬೇಕು, ಆಯೋಗದ ಕಚೇರಿಗೆ, ಗುರುತಿನ ಚೀಟಿ ತಂದು."

"ಬಂದರೆ ಮುಂದೇನು ಸರ್?"

"ಆ ಠಾಣೆಗೆ ಕಳಿಸಿ ವರದಿ ಕೇಳ್ತೀವಿ."

"ಯಾರ ಮೇಲೆ ದೂರೋ ಅವರನ್ನೇ ಕೇಳೋದಾ?"

ಅವರು ಕನ್ನಡಕ ತೆಗೆದು ಒರೆಸಿದರು. "ನಿಯಮ ಮಾಡಿದ್ದು ನಾನಲ್ಲ. ಬಿಡಿಸಿ ಹೇಳ್ತೀನಿ ಕೇಳಿ. ನಾನು ಪೊಲೀಸ್‌ನೋನು. ಇಲ್ಲಿ ಇನ್ನೊಂದು ವರ್ಷ. ಆಮೇಲೆ ಅಲ್ಲಿಗೇ ವಾಪಸ್ ಹೋಗ್ಬೇಕು. ಹೋದಾಗ ಕೂರೋಕೆ ಕುರ್ಚಿ ಇರಬೇಕಲ್ಲ."

ಬೇಸರವಿಲ್ಲದೆ, ಹವೆಯ ಬಗ್ಗೆ ಹೇಳುವವರಂತೆ ಹೇಳಿದರು. ನನಗೂ ಕೋಪ ಬರಲಿಲ್ಲ. ನಾನಿದ್ದಿದ್ದರೂ ಹಾಗೇ ಹೇಳುತ್ತಿದ್ದೆನೋ ಏನೋ.

ಜುಲೈ 12, ಶುಕ್ರವಾರ

ಮಾಡಲು ಕೆಲಸವಿಲ್ಲದವರು ಕಾನೂನು ಓದುತ್ತಾರೆ. ಆಯೋಗದ ನಿಯಮಾವಳಿ ಇಲಾಖೆ ಮಾಡಿದ್ದು. ಆದರೆ ಅದಕ್ಕೆ ಮೂಲವಾದ ಕಾಯ್ದೆ ಶಾಸನಸಭೆ ಮಾಡಿದ್ದು. ಕಾಯ್ದೆಯ ಹದಿನಾಲ್ಕನೇ ಕಲಮಿನಲ್ಲಿ ಒಂದು ಸಾಲು: "ಅಧ್ಯಕ್ಷರ ಅನುಮತಿಯೊಂದಿಗೆ ದೂರು ಅಧಿಕಾರಿಯು ಜನರಿಗೆ ಅನುಕೂಲವಾದ ಸ್ಥಳದಲ್ಲಿ ದೂರು ಸ್ವೀಕರಿಸತಕ್ಕದ್ದು." ಸ್ವೀಕರಿಸಬಹುದು ಎಂದಲ್ಲ, ಸ್ವೀಕರಿಸತಕ್ಕದ್ದು. ಬೆರಳಿಟ್ಟು ಮತ್ತೆ ಓದಿದೆ. ಮೂರು ವರ್ಷದಿಂದ ಈ ಸಾಲೂ ನನ್ನ ಕುರ್ಚಿಗಳಂತೆ ಪ್ಲಾಸ್ಟಿಕ್‌ನಲ್ಲೇ ಇತ್ತು.

ಜುಲೈ 16, ಮಂಗಳವಾರ

ಒಂದು ಟಿಪ್ಪಣಿ ಬರೆದು ಅಧ್ಯಕ್ಷರ ಮುಂದಿಟ್ಟೆ. ಮುನ್ಸಿಪಲ್ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಬುಧವಾರ ಮತ್ತು ಶನಿವಾರ ಮಧ್ಯಾಹ್ನ ದೂರು ಸ್ವೀಕರಿಸಲು ಅನುಮತಿ ಕೋರಿ. ಗ್ರಂಥಪಾಲಕರನ್ನು ನಿನ್ನೆಯೇ ಕೇಳಿಯಾಗಿತ್ತು.

ಅವರು ಓದಿದರು. ಮತ್ತೆ ಓದಿದರು. ಕಿವಿ ಸ್ವಲ್ಪ ಮಂದ, ಆದರೆ ಕಣ್ಣು ಚುರುಕು.

"ನಿಮ್ಮ ಸರ್ವೀಸ್ ಇನ್ನೆಷ್ಟು ಉಳಿದಿದೆ ಅಮ್ಮ?"

"ಹದಿನಾಲ್ಕು ತಿಂಗಳು ಸರ್."

"ನಂದು ಏಳು ತಿಂಗಳು," ಎಂದು ಸಹಿ ಹಾಕಿದರು. ಪೆನ್ನು ಮುಚ್ಚುತ್ತಾ, "ಇಷ್ಟು ದಿನ ಯಾರೂ ಬರಲ್ಲ ಅಂತ ನಾನೂ ನೆಮ್ಮದಿಯಾಗಿದ್ದೆ" ಎಂದರು.

ಜುಲೈ 24, ಬುಧವಾರ

ಗ್ರಂಥಾಲಯ. ವಿಶ್ವಕೋಶಗಳ ಕಪಾಟಿನ ಹಿಂದೆ ಮೇಜು. ದರ್ಜಿಗೆ ಮುಂಚೆಯೇ ತಿಳಿಸಿದ್ದೆ. ಎರಡರಿಂದ ಐದರವರೆಗೆ ಕೂತೆ. ಯಾರೂ ಇಲ್ಲ. ಒಬ್ಬ ಮುದುಕರು ಬಂದು ಮೊನ್ನೆಯ ಪತ್ರಿಕೆ ಎಲ್ಲಿ ಎಂದರು.

ಜುಲೈ 27, ಶನಿವಾರ

ದರ್ಜಿ ಬಂದಳು, ಗಂಡನ ಜೊತೆ. ಅವನು ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದ. ಬರೆದುಕೊಳ್ಳುವ ಮೊದಲೇ ಹೇಳಿಬಿಟ್ಟೆ: "ಒಂದು ವಿಷಯ ಇದೆ. ಆ ಠಾಣೆಯ ಇನ್‌ಸ್ಪೆಕ್ಟರ್ ನನ್ನ ಒಡಹುಟ್ಟಿದ ತಮ್ಮ. ಬರ್ಕೊಳ್ಳೋದು ಮಾತ್ರ ನಂದು. ವಿಚಾರಣೆ ಅಧ್ಯಕ್ಷರೇ ಮಾಡ್ತಾರೆ. ಅದನ್ನ ಫೈಲಲ್ಲೂ ಬರೀತೀನಿ. ನಿಮಗೆ ಬೇಡ ಅನ್ನಿಸಿದರೆ ಎದ್ದು ಹೋಗಿ, ನಾನು ಬೇಜಾರು ಮಾಡ್ಕೊಳ್ಳಲ್ಲ."

ಅವಳು ಎದ್ದಳೆಂದೇ ಭಾವಿಸಿದೆ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು ಅಷ್ಟೆ.

"ಗೊತ್ತಿತ್ತು ಮೇಡಂ. ಅವತ್ತು ಬಸ್ ಸ್ಟಾಪಲ್ಲಿ ನೋಡಿದ ಕೂಡ್ಲೇ ಗೊತ್ತಾಯ್ತು. ಅದೇ ಹಣೆ, ಅದೇ ಮೂಗು."

"ಗೊತ್ತಿದ್ದೂ ನನಗೆ ಹೇಳಿದ್ರಾ?"

"ನೀವು ಕೆಳಗೆ ಇಳಿದು ಬಂದ್ರಲ್ಲ, ಅದಕ್ಕೆ."

ವಹಿಯ ಮೊದಲ ಸಾಲು ತುಂಬಿತು. ಮೇ ಆರರಿಂದ ಹದಿನಾಲ್ಕು. ಅವನು ಒಂದೊಂದು ದಿನವನ್ನೂ ಬೇರೆಬೇರೆಯಾಗಿ ಹೇಳಿದ. ದಿನ ಎಣಿಸಿ ನೆನಪಿಟ್ಟುಕೊಳ್ಳುವುದು ಬಿಟ್ಟು ಅಲ್ಲಿ ಬೇರೆ ಕೆಲಸವಿರಲಿಲ್ಲವಂತೆ. ಸಹಿ ಮಾಡಲು ಎಡಗೈ ಬಳಸಿದ. ಸಹಿ ಮಗುವಿನ ಅಕ್ಷರದ ಹಾಗೆ ಬಂದಿತೆಂದು ಕ್ಷಮೆ ಕೇಳಿದ. ನನ್ನನ್ನು!

ಒಂದು ಮಾತು ಬರೆದಿಡುತ್ತೇನೆ: ನನ್ನ ತಮ್ಮ ತನಗೆ ಹೊಡೆಯಲಿಲ್ಲ ಎಂದು ಬೀಗದವನೇ ಹೇಳಿದ. ಬಾಗಿಲಲ್ಲಿ ಬಂದು ನಿಂತು, "ಇನ್ನೂ ಒಪ್ಪಿಲ್ವಾ?" ಎಂದು ಕೇಳಿ ಹೋಗುತ್ತಿದ್ದನಂತೆ.

ಆಗಸ್ಟ್ 14, ಬುಧವಾರ

ಬರೆಯದೆ ಎರಡು ವಾರದ ಮೇಲಾಯಿತು. ಪುರುಸೊತ್ತಿಲ್ಲ. ಇವತ್ತಿಗೆ ದೂರುಗಳು ಹತ್ತೊಂಬತ್ತು. ದರ್ಜಿಯಿಂದ ಸುದ್ದಿ ಬಾಯಿಂದ ಬಾಯಿಗೆ ಹೋಗಿದೆ. ಗ್ರಂಥಪಾಲಕರು ಪತ್ರಿಕೆ ಓದುವ ಬೆಂಚನ್ನೇ ಈ ಕಡೆ ತಿರುಗಿಸಿಕೊಟ್ಟಿದ್ದಾರೆ. ಬಂದವರು ಕೈಯಲ್ಲೊಂದು ಪುಸ್ತಕ ಹಿಡಿದು ಕೂರುತ್ತಾರೆ, ಯಾರಾದರೂ ನೋಡಿದರೆ ಓದಲು ಬಂದವರಂತೆ. ಒಬ್ಬ ಲಾರಿ ಚಾಲಕ ಅಡುಗೆ ಪುಸ್ತಕ ಹಿಡಿದಿದ್ದ, ಅದೂ ತಲೆಕೆಳಗಾಗಿ. ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಆಮೇಲೆ ಅತ್ತ.

ಎಲ್ಲವೂ ಹಳೇ ಮಾರುಕಟ್ಟೆಯದಲ್ಲ, ಏಳು ಠಾಣೆಗಳದಿವೆ. ಕೆಲವು ಸುಳ್ಳೂ ಇರಬಹುದು. ಇಬ್ಬರದು ಬರೀ ಮನೆಜಗಳ, ಬೇರೆ ಕಡೆ ಹೋಗಿ ಎಂದು ಕಳಿಸಿದೆ.

ಕಾರ್ಯದರ್ಶಿಯವರು ಈಗ ನನ್ನ ಕೋಣೆಯ ಮುಂದೆ ನಿಲ್ಲುವುದಿಲ್ಲ. ಅಟೆಂಡರ್ ಮಾತ್ರ ಫೈಲು ತಂದಿಡುವಾಗ ಮೆಲ್ಲಗೆ, "ಕೋಟು ಹಾಕ್ಕೊಂಡ್ರಿ ಅಂತಾಯ್ತು ಮೇಡಂ" ಎನ್ನುತ್ತಾನೆ.

ಗೆಳತಿಗೆ ಫೋನ್ ಮಾಡಿ ತಿಂಗಳಾಯಿತಲ್ಲ ಎಂದು ಈಗ ಹೊಳೆಯಿತು.

ಆಗಸ್ಟ್ 18, ಭಾನುವಾರ

ತಮ್ಮನ ಮನೆ. ಬಾಗಿಲು ತೆರೆದವನು ಒಳಗೆ ಬಾ ಎನ್ನುವ ಮೊದಲು ಒಂದು ಕ್ಷಣ ತಡೆದ. ಊಟ ಮುಗಿಯುವವರೆಗೂ ಮಕ್ಕಳ ಪರೀಕ್ಷೆಯ ಮಾತು. ಅವನ ಹೆಂಡತಿ ಪಾತ್ರೆ ಎತ್ತಿಕೊಂಡು ಒಳಹೋದಮೇಲೆ ಹೇಳಿದ:

"ನಿನ್ನ ವಹಿಯ ಒಂದನೇ ನಂಬರು ನನ್ನ ಠಾಣೆದು."

"ಹೌದು."

"ಬರೆಯೋಕೆ ಮುಂಚೆ ನನಗೊಂದು ಫೋನ್ ಮಾಡಬಹುದಿತ್ತಲ್ಲ ಅಕ್ಕ? ಹೊರಗಿನವರು ಹೇಳಿ ಗೊತ್ತಾಗ್ಬೇಕಾ?"

"ಮಾಡಿದ್ರೆ ಏನಾಗ್ತಿತ್ತು?"

"ನಾನು ಅವನ ಮೈ ಮುಟ್ಟಿಲ್ಲ. ಮಕ್ಕಳಾಣೆ."

"ಮುಟ್ಟಿಲ್ಲ ಅಂತ ಅವನೂ ಹೇಳಿದ. ಒಂಬತ್ತು ದಿನ ಅಲ್ಲಿ ಇಟ್ಕೊಂಡಿದ್ದು ನಿನಗೆ ಗೊತ್ತಿತ್ತಾ?"

ತಲೆ ಎತ್ತಲಿಲ್ಲ. ಮೇಜಿನ ಮೇಲೆ ಬಿದ್ದಿದ್ದ ಉಪ್ಪಿನ ಹರಳುಗಳನ್ನು ಬೆರಳಿನಿಂದ ಒಂದು ಕಡೆ ಸೇರಿಸುತ್ತಿದ್ದ. ಚಿಕ್ಕವನಿದ್ದಾಗ ಏಟು ಬೀಳುವ ಮೊದಲು ಹೀಗೇ ಏನಾದರೂ ಮಾಡುತ್ತಿದ್ದ.

"ದಿನಾ ಫೋನ್ ಬರ್ತಿತ್ತು ಮೇಲಿಂದ. ಒಪ್ಪಿಸಿದ್ಯಾ, ಒಪ್ಪಿಸಿದ್ಯಾ ಅಂತ. ನ್ಯಾಯಾಧೀಶರ ಹತ್ರ ಕಳಿಸ್ತೀನಿ ಅಂದೆ. ಬೇಡ ಅಂದ್ರು. ನಾನೇನು ಮಾಡ್ಲಿ?"

ನೀರಿನ ಲೋಟವನ್ನು ಅವನ ಕಡೆ ಸರಿಸಿದೆ.

ಹೊರಡುವಾಗ, "ಇನ್ಮೇಲೆ ಬರೋಕೆ ಮುಂಚೆ ಫೋನ್ ಮಾಡು, ನಾವು ಎಲ್ಲಾದ್ರೂ ಹೋಗಿರ್ತೀವಿ" ಎಂದ. ಬಸ್ ನಿಲ್ದಾಣದವರೆಗೆ ಬರಲಿಲ್ಲ.

ಆಗಸ್ಟ್ 25, ಭಾನುವಾರ

ಫೋನ್ ಮಾಡಿದೆ. ಎತ್ತಲಿಲ್ಲ. ಮಧ್ಯಾಹ್ನ ನಿಂತುಕೊಂಡೇ ಉಂಡೆ.

ಸೆಪ್ಟೆಂಬರ್ 10, ಮಂಗಳವಾರ

ಅಧ್ಯಕ್ಷರು ನಿನ್ನೆ ಹಳೇ ಮಾರುಕಟ್ಟೆ ಠಾಣೆಗೆ ಹೋಗಿದ್ದರು. ನನ್ನನ್ನು ಕರೆದೊಯ್ಯಲಿಲ್ಲ, ಸರಿಯೇ. ಹೋಗುವ ಮೂರು ದಿನ ಮೊದಲು ಲಿಖಿತ ಸೂಚನೆ ಕೊಡಬೇಕೆಂಬ ನಿಯಮವಿದೆ. ಮೂರು ದಿನದಲ್ಲಿ ಏನೇನಾಗುತ್ತದೆ! ಇಡೀ ಠಾಣೆ ಸುಣ್ಣದ ವಾಸನೆಯಂತೆ. ಅಧ್ಯಕ್ಷರ ಕೋಟಿನ ತೋಳಿಗೂ ಬಿಳಿ ಹತ್ತಿತ್ತು. ಲಾಕಪ್ಪಿನಲ್ಲಿ ಹೊಸ ಚಾಪೆ, ಹೊಸ ನೀರಿನ ಹೂಜಿ. ಬೀಗ ರಿಪೇರಿಯವನು ಒಂದು ದಿನ ಬಂದು ಹೇಳಿಕೆ ಕೊಟ್ಟು ಹೋದ ಎಂದು ಠಾಣೆ ದಿನಚರಿಯಲ್ಲಿ ಬರೆದಿದೆ.

ಆ ಒಂಬತ್ತು ದಿನಗಳ ಪುಟಗಳನ್ನು ಪ್ರತಿ ಮಾಡಿಸಿ ತಂದಿದ್ದರು. ಮೂಲ ಪುಸ್ತಕವನ್ನೂ ರಶೀದಿ ಕೊಟ್ಟು ತಂದಿದ್ದರು. ನನ್ನನ್ನು ಕರೆದು ಬಾಗಿಲು ಹಾಕಿಸಿದರು.

"ನೀವು ಜೀವಮಾನವೆಲ್ಲ ಹಳೇ ದಾಖಲೆ ನೋಡಿದೋರು. ಇದನ್ನ ದಿನದಿನ ಬರೆದದ್ದೋ, ಒಂದೇ ಸಲ ಕೂತು ಬರೆದದ್ದೋ, ಅಷ್ಟೇ ಹೇಳಿ. ಬರೆದೋರು ಯಾರು ಅಂತ ನಾನು ಕೇಳಲ್ಲ. ಆಗಲ್ಲ ಅಂದ್ರೂ ಸರಿ. ಹೊರಗಿನ ತಜ್ಞರಿಗೆ ಹೇಗೂ ಕಳಿಸ್ತೀನಿ."

ನೋಡಲು ಒಂದು ನಿಮಿಷವೂ ಬೇಕಾಗಲಿಲ್ಲ. ಒಂದೇ ಶಾಯಿ, ಒಂದೇ ಒತ್ತು. ಮೊದಲ ಪುಟದಲ್ಲಿ ಅಕ್ಷರ ನೆಟ್ಟಗಿದೆ, ಒಂಬತ್ತನೆಯ ದಿನಕ್ಕೆ ಬರುವಷ್ಟರಲ್ಲಿ ಕೈ ಸೋತು ವಾಲಿದೆ. ನಡುವೆ ಒಂದು ರಾತ್ರಿ ನಿದ್ದೆ ಮಾಡಿದ ಕೈ ಹಾಗೆ ವಾಲುವುದಿಲ್ಲ.

ಪುಟದ ತುಂಬ 'ಠಾಣೆ' ಎಂಬ ಪದ. ಒಂದೊಂದು 'ಠ'ವೂ ಕೆಳಗೆ ಕೂಡಿಕೊಂಡಿಲ್ಲ.

"ಒಂದೇ ಸಲ ಕೂತು ಬರೆದದ್ದು ಸರ್," ಎಂದೆ.

"ಸಾಕು. ಹೋಗಿ."

ಎದ್ದು ಬಾಗಿಲವರೆಗೆ ಹೋದೆ. ಬರೆದವರು ಯಾರೆಂದು ಅವರು ಕೇಳಿರಲಿಲ್ಲ. ತಿರುಗಿ ಬಂದು ಹೇಳಿದೆ.

ಸೆಪ್ಟೆಂಬರ್ 11, ಬುಧವಾರ

ಗೆಳತಿಗೆ ಫೋನ್ ಮಾಡಿದೆ. ಆ ಕಡೆ ಅವಳ ಅಣ್ಣನ ಮೊಮ್ಮಕ್ಕಳ ಗಲಾಟೆ. "ಏನಾದರೂ ಇತ್ತಾ?" ಎಂದಳು. ಏನಿಲ್ಲ, ಸುಮ್ಮನೆ ಎಂದೆ. ಅವಳ ಮಂಚದ ಮೇಲೆ ಒಗೆದ ಬಟ್ಟೆ ಹರಡಿದ್ದೇನೆ, ಖಾಲಿ ಕಾಣದಿರಲಿ ಎಂದು.

ಸೆಪ್ಟೆಂಬರ್ 30, ಸೋಮವಾರ

ತಮ್ಮನನ್ನು ಅಮಾನತು ಮಾಡಿದ್ದಾರೆ. ಪತ್ರಿಕೆಯ ಐದನೇ ಪುಟದಲ್ಲಿ ನಾಲ್ಕು ಸಾಲು. ಅವನೊಬ್ಬನನ್ನೇ. ಮೇಲಿಂದ ದಿನಾ ಫೋನ್ ಮಾಡುತ್ತಿದ್ದವರ ಹೆಸರು ಎಲ್ಲಿಯೂ ಇಲ್ಲ.

ಅವನ ಹೆಂಡತಿ ಫೋನ್ ಮಾಡಿ ಒಂದೇ ಮಾತು ಹೇಳಿದಳು: "ಸಮಾಧಾನ ಆಯ್ತಾ ಅಕ್ಕ?"

ಅಕ್ಟೋಬರ್ 14, ಸೋಮವಾರ

ವರದಿಯ ಗಡುವು ಹತ್ತಿರ ಬಂತು. ದೂರುಗಳು ಅರವತ್ತಮೂರು. ಕಾರ್ಯದರ್ಶಿಯವರು ಮೂರು ತಿಂಗಳ ಮೇಲೆ ನನ್ನ ಕೋಣೆಗೆ ಬಂದು ಕೂತರು. ದೂರುದಾರರ ಕುರ್ಚಿಯಲ್ಲಿ.

"ನೋಡಿ, ಹೋದ ಸಲ ಸೊನ್ನೆ, ಈ ಸಲ ಅರವತ್ತಮೂರು. ಹೊರಗಿನವರು ಏನಂತಾರೆ? ಎರಡೇ ವರ್ಷದಲ್ಲಿ ದೇಶ ಕೆಟ್ಟುಹೋಯ್ತು ಅಂತಾರೆ. ಸೊನ್ನೆ ಕೊಟ್ಟಾಗ ನಮ್ಮನ್ನ ಹೊಗಳಿ ಕಾಗದ ಬರೆದಿದ್ರು."

"ದೇಶ ಹೋದ ಸಲವೂ ಹೀಗೇ ಇತ್ತು ಸರ್. ಬಾಗಿಲು ಮಾತ್ರ ಬೇರೆ ಕಡೆ ಇತ್ತು."

"ಅದು ಅಂಕಿಯಲ್ಲಿ ಕಾಣಲ್ಲವಲ್ಲ." ಸ್ವಲ್ಪ ಹೊತ್ತು ಮಂಡಿ ಒತ್ತಿಕೊಂಡರು. "ಒಂದು ಕೆಲಸ ಮಾಡಿ. ಕಚೇರಿಯಲ್ಲಿ ಬಂದದ್ದು ಬೇರೆ, ಹೊರಗಡೆ ಬಂದದ್ದು ಬೇರೆ ತೋರಿಸಿ. ಕಚೇರಿಯಲ್ಲಿ ಸೊನ್ನೆ ಅಂತ ಮೊದಲು ಬರಲಿ. ಹೊರಗಿನದು ಅನಧಿಕೃತ ಅನ್ನೋ ಹಾಗೆ ಕೆಳಗಿರಲಿ."

ನಾನು ಒಪ್ಪಿದೆ. ಅವರಿಗೆ ಆಶ್ಚರ್ಯವಾಯಿತು. ಅಳತೆಗೋಲಿಟ್ಟು ಕೋಷ್ಟಕ ಎಳೆದೆ. 'ದೂರು ಸ್ವೀಕರಿಸಿದ ಸ್ಥಳ' ಎಂಬುದು ತಲೆಬರಹ. ಒಳಾಡಳಿತ ಇಲಾಖೆಯ ಕಟ್ಟಡ, ಕಾವಲು ಗೇಟಿನ ಮೂಲಕ: ಸೊನ್ನೆ. ಅದರ ಕೆಳಗೆ ಸಾರ್ವಜನಿಕ ಗ್ರಂಥಾಲಯ: ಅರವತ್ತಮೂರು. 'ಅನಧಿಕೃತ' ಎಂದು ಬರೆಯಲಿಲ್ಲ, ಹದಿನಾಲ್ಕನೇ ಕಲಮನ್ನು ಬರೆದೆ. ವಿಶ್ವಾಸದ ದ್ಯೋತಕ ಎಂಬ ವಾಕ್ಯ ತೆಗೆದೆ. ಅಧ್ಯಕ್ಷರು ಸಹಿ ಹಾಕಿದರು. ಕಾರ್ಯದರ್ಶಿಯವರು ಕೋಷ್ಟಕವನ್ನು ತುಂಬ ಹೊತ್ತು ನೋಡಿ, ತಾವೇ ಹೇಳಿದ್ದಾದ್ದರಿಂದ ಸುಮ್ಮನೆ ಕಳಿಸಿದರು.

ಫೆಬ್ರವರಿ 12, ಬುಧವಾರ

ನಿನ್ನೆ ಅಧ್ಯಕ್ಷರ ಕೊನೆಯ ದಿನ. ಹೊಸಬರನ್ನು ನೇಮಿಸಿಲ್ಲ. ಇವತ್ತು ಬೆಳಿಗ್ಗೆ ನನ್ನ ಮೇಜಿನ ಮೇಲೆ ಆದೇಶ: ಭೂಮಾಪನ ಇಲಾಖೆಯ ದಾಖಲೆ ಕೋಣೆಗೆ ವಾಪಸ್. ಅಧ್ಯಕ್ಷರಿಲ್ಲದೆ ಅನುಮತಿ ಇಲ್ಲ, ಅನುಮತಿ ಇಲ್ಲದೆ ಗ್ರಂಥಾಲಯವಿಲ್ಲ. ಎಲ್ಲವೂ ಒಂದು ಸಹಿಯ ಮೇಲೆ ನಿಂತಿತ್ತು.

ಮಧ್ಯಾಹ್ನ ಆದರೂ ಗ್ರಂಥಾಲಯಕ್ಕೆ ಹೋದೆ. ಐದು ಜನ ಕಾಯುತ್ತಿದ್ದರು. ಬರೆದುಕೊಳ್ಳುವ ಅಧಿಕಾರ ನನಗಿಲ್ಲ ಎಂದು ಒಬ್ಬೊಬ್ಬರಿಗೂ ಹೇಳಿದೆ. ದರ್ಜಿ ಬಂದಿದ್ದಳು, ಕೆಲಸವಿದ್ದಲ್ಲ, ಸುಮ್ಮನೆ. ಗಂಡನ ಕೈಗೆ ವೈದ್ಯರು ದಿನಾ ಹಿಟ್ಟು ನಾದಲು ಹೇಳಿದ್ದಾರಂತೆ. ಮೇಜು ಎತ್ತಿಡುವಾಗ ಒಂದು ಕಡೆ ಅವಳೇ ಹಿಡಿದಳು.

ಮಾರ್ಚ್ 27, ಗುರುವಾರ

ಇಲ್ಲಿ ಕಿಟಕಿಯಿಲ್ಲ. ನಕಾಶೆ, ಹುಳು, ದೀಪ. ಯಾರೂ ಮಾತಾಡಿಸುವುದಿಲ್ಲ. ತಮ್ಮನನ್ನೇ ಹಿಡಿದುಕೊಟ್ಟವಳು ಎಂದು ಮೇಲಿನವರಿಂದ ಕೆಳಗಿನವರವರೆಗೆ ಗೊತ್ತಿದೆ. ನಾನು ಹೋದರೆ ಟೀ ಕುಡಿಯುವ ಮೇಜಿನಲ್ಲಿ ಮಾತು ನಿಲ್ಲುತ್ತದೆ. ಈಗ ಫ್ಲಾಸ್ಕ್ ತರುತ್ತೇನೆ.

ಇವತ್ತು ಆಯೋಗದ ಅಟೆಂಡರ್ ಹುಡುಕಿಕೊಂಡು ಬಂದ, ಏದುಸಿರು ಬಿಡುತ್ತಾ. "ಮೇಡಂ, ಹೊರದೇಶದ ಸಮಿತಿಯಿಂದ ಕಾಗದ! ಮೊದಲನೇ ಪ್ರಶ್ನೆನೇ ನಿಮ್ಮ ಪಟ್ಟಿದು. ಗೇಟಿನೊಳಗೆ ಸೊನ್ನೆ, ಗೇಟಿನ ಹೊರಗೆ ಅರವತ್ತಮೂರು, ಯಾಕೆ? ಹೊರಗಿನ ಜಾಗ ಈಗಲೂ ನಡೀತಿದೆಯಾ? ಆರು ವಾರದಲ್ಲಿ ಉತ್ತರ ಕೊಡಿ, ಉತ್ತರ ಎಲ್ಲರಿಗೂ ಕಾಣೋ ಹಾಗೆ ಹಾಕ್ತೀವಿ ಅಂದಿದ್ದಾರೆ. ಕಾರ್ಯದರ್ಶಿಗಳು ಮೆಟ್ಟಿಲಲ್ಲಿ ನಾಲ್ಕು ಕಡೆ ನಿಲ್ತಿದ್ದಾರೆ."

ಹತ್ತು ಜನ, ಎಲ್ಲೋ ದೂರದ ಊರಿನವರು, ನನ್ನ ಹೆಸರೂ ತಿಳಿಯದವರು, ನಾನು ಎಳೆದ ಗೆರೆಗಳನ್ನು ಕೂತು ಓದಿದ್ದಾರೆ. ಅವನಿಗೆ ಫ್ಲಾಸ್ಕಿನ ಟೀ ಕೊಟ್ಟೆ.

ಏಪ್ರಿಲ್ 19, ಶನಿವಾರ

ದೂರು ಕೊಠಡಿಯನ್ನು ಹಳೆಯ ಅಂಚೆ ಕಚೇರಿಯ ಕಟ್ಟಡಕ್ಕೆ ಸಾಗಿಸಿದ್ದಾರೆ. ನೆಲಮಹಡಿ, ಬೀದಿಗೆ ತೆರೆದ ಬಾಗಿಲು, ಕಾವಲಿಲ್ಲ. ಒಂಬತ್ತನೇ ನಿಯಮ ರದ್ದು. ಹೊಸ ಅಧ್ಯಕ್ಷೆ ಬಂದಿದ್ದಾರೆ, ವಕೀಲರಾಗಿದ್ದವರು. ಅರವತ್ತಮೂರೂ ಫೈಲುಗಳನ್ನು ಮತ್ತೆ ತೆರೆದಿದ್ದಾರಂತೆ. ಠಾಣೆ ಭೇಟಿಗೆ ಮೂರು ದಿನದ ಸೂಚನೆ ಮಾತ್ರ ಹಾಗೇ ಇದೆ; ಅದರ ಬಗ್ಗೆ ಸಮಿತಿ ಕೇಳಿರಲಿಲ್ಲ.

ನನ್ನನ್ನು ಯಾರೂ ಕರೆಯಲಿಲ್ಲ. ಅಲ್ಲಿಗೆ ಒಬ್ಬ ಹೊಸ ಹೆಣ್ಣುಮಗಳನ್ನು ಹಾಕಿದ್ದಾರೆ. ದಾರಿಯಲ್ಲಿ ಹೋಗುತ್ತಾ ನೋಡಿದೆ: ತಲೆ ತಗ್ಗಿಸಿ ಬರೆಯುತ್ತಿದ್ದಳು, ಎದುರಿಗೆ ಇಬ್ಬರು. ಒಳಗೆ ಹೋಗಲು ನನಗೆ ಕಾರಣವಿರಲಿಲ್ಲ.

ಏಪ್ರಿಲ್ 28, ಸೋಮವಾರ

ಬೆಳಿಗ್ಗೆ ಕೆಲಸಕ್ಕೆ ಹೊರಟಿದ್ದೆ. ಮೆಟ್ಟಿಲ ಕೆಳಗೆ ತಮ್ಮ ನಿಂತಿದ್ದ. ಎಂಟು ತಿಂಗಳ ಮೇಲೆ. ಗಡ್ಡ ಬಿಟ್ಟಿದ್ದಾನೆ, ಅದರಲ್ಲಿ ಬಿಳಿ ಇದೆ. ಕೈಯಲ್ಲೊಂದು ಕವರು.

"ಅಕ್ಕ, ನಾನು ದೂರು ಕೊಡಬಹುದಾ?"

ನನಗೆ ಅರ್ಥವಾಗಲಿಲ್ಲ.

"ಯಾರು ಫೋನ್ ಮಾಡ್ತಿದ್ರು, ಯಾವ ದಿನ ಮಾಡಿದ್ರು, ಪುಸ್ತಕ ಹೊಸದಾಗಿ ಬರಿ ಅಂತ ಯಾರು ಹೇಳಿದ್ರು, ಎಲ್ಲ ಬರೆದು ತಂದಿದ್ದೀನಿ. ಇಲಾಖೆಯೊಳಗೆ ಹೇಳೋಕೆ ಜಾಗ ಇಲ್ಲ. ಹೇಳಿದ್ರೆ ಅದು ಅವರ ಮೇಜಿಗೇ ಹೋಗತ್ತೆ."

"ನನ್ನ ಹತ್ರ ಕೊಡೋ ಹಾಗಿಲ್ಲ. ನಾನು ಈಗ ಅಲ್ಲಿಲ್ಲ. ಇದ್ದಿದ್ರೂ ತಗೊಳ್ತಿರಲಿಲ್ಲ."

"ಗೊತ್ತು. ಜೊತೆಗೆ ಬರ್ತೀಯಾ? ಬಾಗಿಲವರೆಗೆ ಸಾಕು."

ಮೂವತ್ತು ವರ್ಷದಲ್ಲಿ ಮೊದಲ ಸಲ, ಹೇಳದೆ ಕೇಳದೆ ಕೆಲಸಕ್ಕೆ ಚಕ್ಕರ್ ಹೊಡೆದೆ. ಹಳೆಯ ಅಂಚೆ ಕಚೇರಿಯವರೆಗೆ ನಡೆದೆವು. ಅವನು ಒಳಗೆ ಹೋದ. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿದ್ದ ಹೆಂಗಸು ಸರಿದು ಜಾಗ ಕೊಡುತ್ತಾ, "ನಿಮ್ಮದೂ ದೂರಾ?" ಎಂದಳು. "ಇಲ್ಲ, ತಮ್ಮನ ಜೊತೆ ಬಂದೆ" ಎಂದೆ. ಅವಳಿಗೆ ನನ್ನ ಬಗ್ಗೆ ಏನೂ ತಿಳಿದಿರಲಿಲ್ಲ. ತನ್ನ ಮಗಳ ಬಗ್ಗೆ ಹೇಳಿದಳು, ಕೇಳುತ್ತಾ ಕೂತೆ.

ಎರಡು ಗಂಟೆಯ ಮೇಲೆ ಅವನು ಹೊರಬಂದ. ಕಣ್ಣು ಕೆಂಪಾಗಿತ್ತು.

"ಏನು ಹೇಳ್ದೆ ಅಂತ ಕೇಳಲ್ವಾ?"

"ಕೇಳೋ ಹಾಗಿಲ್ಲ."

ಸ್ವಲ್ಪ ದೂರ ನಡೆದ ಮೇಲೆ ಅವನೇ ಹೇಳಿದ: "ಮೊದಲು ನಂದು ಹೇಳ್ದೆ ಅಕ್ಕ. ಆಮೇಲೆ ಅವರದು."

ರಸ್ತೆ ದಾಟಲು ನಿಂತಾಗ ಅವನ ಬೆನ್ನಿನ ಮೇಲೆ ಕೈಯಿಟ್ಟೆ. ತೆಗೆ ಎನ್ನಲಿಲ್ಲ.